ಬ್ಯಾಟು ಚೀಲದಲ್ಲೇ ಇರಲಿ

ಮೊದಲ ದಿನ ಬೇಸ್‌ಬಾಲ್ ಕೋಚ್ ಹುಡುಗರಿಗೆ ಹೇಳಿದ್ದು ಎರಡೇ ಮಾತು. ಬ್ಯಾಟು ಚೀಲದಲ್ಲೇ ಇರಲಿ. ಎಲ್ಲರೂ ಮಂಡಿಯೂರಿ.

ಹತ್ತು ಹನ್ನೊಂದು ವರ್ಷದ ಹನ್ನೆರಡು ಹುಡುಗರು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ಒಂದು ಪಾರ್ಕಿನ ಮಣ್ಣಿನ ಮೇಲೆ ಇಬ್ಬಿಬ್ಬರಾಗಿ ಎದುರುಬದುರು ಮಂಡಿಯೂರಿದರು. ನಾನು ತಂತಿಬೇಲಿಯ ಆಚೆ ಕಾಫಿ ಹಿಡಿದುಕೊಂಡು ನಿಂತಿದ್ದೆ. ಬಂದ ದಿನವೇ ಶಿಕ್ಷೆಯೇ ಅಂದುಕೊಂಡೆ. ನಾನು ಓದುವ ಕಾಲಕ್ಕೆ ಮಂಡಿಯೂರುವುದಕ್ಕೆ ಇದ್ದದ್ದು ಒಂದೇ ಅರ್ಥ, ಲೆಕ್ಕ ಮಾಡಿಕೊಂಡು ಬಂದಿಲ್ಲ ಅಂತ.

ಆಮೇಲೆ ಚೆಂಡು ಬಂತು. ಎದುರಿನವನು ಎಂಟು ಹತ್ತು ಅಡಿ ದೂರದಿಂದ ಎಸೆಯುತ್ತಾನೆ. ಚೆಂಡು ಇವನ ಗ್ಲೌಸಿನ ಮುಂದೆ ಒಂದು ಗೇಣು ದೂರದಲ್ಲಿ ನೆಲಕ್ಕೆ ಬಡಿಯುತ್ತದೆ. ಬಡಿದು ಏಳುತ್ತಿದ್ದ ಹಾಗೇ, ಪೂರ್ತಿ ಏಳುವ ಮೊದಲೇ ಹಿಡಿಯಬೇಕು. ಇದಕ್ಕೆ ಶಾರ್ಟ್ ಹಾಪ್ ಅನ್ನುತ್ತಾರೆ. ಇಪ್ಪತ್ತು ಸಲ ನೇರ ಎದುರಿಗೆ, ಇಪ್ಪತ್ತು ಸಲ ಗ್ಲೌಸಿನ ಪಕ್ಕಕ್ಕೆ, ಇಪ್ಪತ್ತು ಸಲ ಬ್ಯಾಕ್‌ಹ್ಯಾಂಡಿನಲ್ಲಿ. ಮುಗಿಯಿತು ಅಂದುಕೊಂಡರೆ ಜೋಡಿ ಬದಲಾಯಿಸಿ ಮತ್ತೆ ಅದೇ. ಒಂದೂವರೆ ಗಂಟೆಯಲ್ಲಿ ನನ್ನ ಮಗ ಒಂದು ಸಲವೂ ಬ್ಯಾಟು ಮುಟ್ಟಲಿಲ್ಲ. ಕಾರಿನಲ್ಲಿ ಬರುವಾಗ ಅವನಿಗೆ ಏನೂ ಅನ್ನಿಸಿದಂತೆ ಕಾಣಲಿಲ್ಲ, ನೀರು ಕುಡಿದು ನಿದ್ದೆ ಹೋದ. ಬೇಜಾರಾಗಿದ್ದು ನನಗೆ. ದುಡ್ಡು ಕಟ್ಟಿ ಸೇರಿಸಿದ್ದು ಇದಕ್ಕಾ?

ನನ್ನ ಬೇಜಾರಿಗೆ ಕಾರಣ ತಿಪಟೂರಿನಲ್ಲಿದೆ. ನಾವು ಆಡಿ ಬೆಳೆದ ಕ್ರಿಕೆಟ್ಟಿನಲ್ಲಿ ಫೀಲ್ಡಿಂಗ್ ಅಂದರೆ ಬ್ಯಾಟಿಂಗ್ ಸಿಗುವವರೆಗೆ ಕಟ್ಟಬೇಕಾದ ಬಾಡಿಗೆ. ಬ್ಯಾಟು ಅಂದರೆ ಕೆತ್ತಿದ ತೆಂಗಿನ ಎಡೆಮಟ್ಟೆ. ಕೆತ್ತಿದವನು ಮೊದಲು ಆಡುತ್ತಿದ್ದ, ಆಮೇಲೆ ಅವನ ತಮ್ಮ. ಉಳಿದವರು ಚರಂಡಿಯ ಪಕ್ಕ, ತೋಟದ ಬೇಲಿಯ ಪಕ್ಕ, ಚೆಂಡು ವಾಪಸು ಕೊಡದ ಅಜ್ಜಿಯ ಕಾಂಪೌಂಡಿನ ಪಕ್ಕ ನಿಂತು ಬಾಡಿಗೆ ಕಟ್ಟುತ್ತಿದ್ದೆವು. ಎಲ್ಲರಿಗಿಂತ ಚಿಕ್ಕವನು ಆಟಕ್ಕುಂಟು ಲೆಕ್ಕಕ್ಕಿಲ್ಲ. ಅವನ ಕೆಲಸ ಚೆಂಡು ತರುವುದು. ನಾನು ಬಹಳ ವರ್ಷ ಆ ಕೆಲಸ ಮಾಡಿದ್ದೇನೆ.

1992ರ ವಿಶ್ವಕಪ್ಪಿನಲ್ಲಿ, ಬ್ರಿಸ್ಬೇನಿನಲ್ಲಿ, ಜಾಂಟಿ ರೋಡ್ಸ್ ಚೆಂಡು ಕೈಯಲ್ಲಿ ಹಿಡಿದೇ ಸ್ಟಂಪಿನ ಮೇಲೆ ಹಾರಿ ಇಂಜಮಾಮ್ ಉಲ್ ಹಕ್‌ನನ್ನು ರನೌಟ್ ಮಾಡಿದ ಮೇಲೆ ನಾವೂ ಹಾರತೊಡಗಿದೆವು. ಮೊಣಕೈ ತರಚಿಕೊಂಡೆವು, ಹರಿದ ಅಂಗಿಗೆ ಮನೆಯಲ್ಲಿ ಬೈಸಿಕೊಂಡೆವು. ಹಾರುವುದನ್ನು ಕಲಿತೆವು ಅಷ್ಟೇ. ನೆಲದ ಮೇಲೆ ಸುಮ್ಮನೆ ಉರುಳಿ ಬರುವ ಚೆಂಡನ್ನು ಹೇಗೆ ಎತ್ತಿಕೊಳ್ಳಬೇಕು ಅಂತ ಯಾರೂ ಯಾರಿಗೂ ಹೇಳಿಕೊಡಲಿಲ್ಲ. ಅದರಲ್ಲಿ ಹೇಳಿಕೊಡುವಂಥದ್ದು ಏನಿದೆ?

ಎರಡನೇ ವಾರ ಕೋಚ್‌ಗೆ ಜನ ಸಾಲದೆ ಬೇಲಿಯ ಕಡೆ ನೋಡಿದರು. ಎಪ್ಪತ್ತರ ಹತ್ತಿರದ ಮನುಷ್ಯ, ಮಾತು ಕಡಿಮೆ. ನಾನು ಕ್ರಿಕೆಟ್ ಆಡಿದ್ದೇನೆ ಅಂದೆ. ಸಂತೋಷ ಅಂತ ಒಂದು ಹಳೇ ಗ್ಲೌಸು ಕೊಟ್ಟು, ಎರಡನೇ ಮತ್ತು ಮೂರನೇ ಬೇಸಿನ ನಡುವಿನ ಶಾರ್ಟ್‌ಸ್ಟಾಪ್ ಜಾಗದಲ್ಲಿ ನಿಲ್ಲಿಸಿ, ಹುಡುಗರೆದುರೇ ಒಂದು ಚೆಂಡು ಹೊಡೆದರು. ಕಾಲೇಜು ಟೀಮಿನಲ್ಲಿ ಕಲಿತದ್ದು ನೆನಪಿತ್ತು. ಓರೆಯಾಗಿ ತಿರುಗಿ ಒಂದು ಮಂಡಿ ನೆಲಕ್ಕೆ ಊರಿ, ಇನ್ನೊಂದು ಕಾಲಿನ ಹಿಮ್ಮಡಿಗೆ ಸೇರಿಸಿ ಗೋಡೆ ಕಟ್ಟಿದೆ. ಚೆಂಡು ಗ್ಲೌಸಿಗೆ ಬಿತ್ತು. ಹೆಮ್ಮೆಯಿಂದ ಎದ್ದೆ.

ಚೆನ್ನಾಗಿ ತಡೆದಿರಿ, ಆದರೆ ಓಡುವವನು ಬೇಸ್ ಸೇರಿ ಆಯಿತು, ಅಂದರು.

ಬೇಸ್‌ಬಾಲ್ ನೋಡದವರಿಗೆ ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ಮೂಲೆಯ ಮೇಲೆ ನಿಲ್ಲಿಸಿದ ಚೌಕದ ನಾಲ್ಕು ಮೂಲೆಗಳೇ ಬೇಸ್‌ಗಳು. ದೊಡ್ಡವರ ಆಟದಲ್ಲಿ ಬೇಸಿನಿಂದ ಬೇಸಿಗೆ 90 ಅಡಿ, ಮಗನ ವಯಸ್ಸಿನವರಿಗೆ 60. ಕ್ರಿಕೆಟ್ಟಿನಲ್ಲಿ ಚೆಂಡು ಹೊಡೆದು ಬೇಕಾದರೆ ಅಲ್ಲೇ ನಿಂತು ಗ್ಲೌಸು ಸರಿಮಾಡಿಕೊಳ್ಳಬಹುದು. ಇಲ್ಲಿ ಚೆಂಡು ಗೆರೆಯೊಳಗೆ ಬಿದ್ದರೆ ಓಡಲೇಬೇಕು. ಅಮೆರಿಕದ ಮೇಜರ್ ಲೀಗಿನಲ್ಲಿ ಬಲಗೈ ಬ್ಯಾಟರ್ ಒಬ್ಬ ಹೊಡೆದು ಮೊದಲ ಬೇಸ್ ಮುಟ್ಟಲು ಸುಮಾರು 4.3 ಸೆಕೆಂಡು ಹಿಡಿಯುತ್ತದೆ. ಅಷ್ಟರೊಳಗೆ ನೆಲದ ಮೇಲೆ ಪುಟಿಯುತ್ತ ಬರುವ ಚೆಂಡಿಗೆ ಶಾರ್ಟ್‌ಸ್ಟಾಪ್ ಅಡ್ಡ ಹೋಗಬೇಕು, ಎತ್ತಿಕೊಳ್ಳಬೇಕು, ಕೈ ಬದಲಿಸಬೇಕು, ನೂರಕ್ಕೂ ಹೆಚ್ಚು ಅಡಿ ದೂರ ಎಸೆಯಬೇಕು, ಅಲ್ಲಿ ಇನ್ನೊಬ್ಬ ಒಂದು ಕಾಲು ಬೇಸಿನ ಮೇಲಿಟ್ಟು ಹಿಡಿಯಬೇಕು. ಚೆಂಡು ಒಂದೇ ಒಂದು ಸಲ ಕೈಯಲ್ಲಿ ತಡವರಿಸಿದರೆ ಎಲ್ಲ ಮುಗಿಯಿತು. ಹಾಗಾಗಿ ಇಲ್ಲಿ ಚೆಂಡು ತಡೆಯುವುದು ಕೆಲಸದ ಅರ್ಧ ಭಾಗವೂ ಅಲ್ಲ. ಎಸೆಯುವುದಕ್ಕೆ ಅನುಕೂಲವಾಗುವ ಹಾಗೆ ತಡೆಯಬೇಕು. ನಾನು ಕಟ್ಟಿದ್ದ ಗೋಡೆ ಬೌಂಡರಿ ಉಳಿಸುವ ಗೋಡೆ. ಗೋಡೆಗೆ ಎಸೆಯಲು ಬರುವುದಿಲ್ಲ.

ಆವತ್ತಿನಿಂದ ನಾನೂ ಹುಡುಗರ ಜೊತೆ ಸಾಲಿನಲ್ಲಿ ನಿಂತೆ.

ಮಂಡಿಯೂರಿಸುವುದು ಯಾಕೆ ಅಂತ ಅರ್ಥವಾಗಲು ಮೂರು ವಾರ ಬೇಕಾಯಿತು. ನಿಂತವನು ಕೈಯ ತಪ್ಪನ್ನು ಕಾಲಿನಿಂದ ಮುಚ್ಚಿಕೊಳ್ಳುತ್ತಾನೆ. ಒಂದು ಹೆಜ್ಜೆ ಹಿಂದೆ ಸರಿದು, ಚೆಂಡು ಸುಸ್ತಾಗಿ ಎದೆಮಟ್ಟಕ್ಕೆ ಬರುವವರೆಗೆ ಕಾಯುತ್ತಾನೆ. ಮಂಡಿಯೂರಿದವನಿಗೆ ಹಿಂದೆ ಸರಿಯಲು ದಾರಿ ಇಲ್ಲ, ಕೈ ಮುಂದೆ ಹೋಗಲೇಬೇಕು. ಮುಂದೆ ಹೋದ ಕೈ ನೆಲದಿಂದ ಮೇಲಕ್ಕೆ ಬರಬೇಕೇ ಹೊರತು ಮೇಲಿನಿಂದ ನೆಲಕ್ಕೆ ಇಳಿಯಬಾರದು. ಚೆಂಡು ಕೊನೇ ಗಳಿಗೆಯಲ್ಲಿ ಕಲ್ಲಿಗೆ ತಾಗಿ ಎದ್ದರೆ ಕೆಳಗಿರುವ ಗ್ಲೌಸನ್ನು ಮೇಲೆತ್ತಲು ಸಮಯ ಸಿಗುತ್ತದೆ. ಏಳುತ್ತದೆ ಅಂದುಕೊಂಡ ಚೆಂಡು ಏಳದೇ ನುಗ್ಗಿದರೆ, ಮೇಲಿರುವ ಗ್ಲೌಸು ಕೆಳಗಿಳಿಯುವಷ್ಟರಲ್ಲಿ ಅದು ಕಾಲ ಸಂದಿಯಲ್ಲಿ ಪಾರು. ನನಗೆ ಆದದ್ದು ಹಾಗೇ. ಒಂದಲ್ಲ, ಒಂದೇ ಬೆಳಗ್ಗೆ ಏಳು ಸಲ. ಮಗ ಬೇರೆ ಕಡೆ ನೋಡುತ್ತಿದ್ದ.

ಪುಟಿಯುವ ಚೆಂಡನ್ನು ಹಿಡಿಯಲು ಎರಡು ಒಳ್ಳೆಯ ಜಾಗಗಳಿವೆ. ನೆಲ ಬಿಟ್ಟ ತಕ್ಷಣ ಒಂದು, ಪೂರ್ತಿ ಮೇಲೆದ್ದು ಇಳಿಯಲು ಶುರುಮಾಡಿದಾಗ ಇನ್ನೊಂದು. ಇವೆರಡರ ನಡುವೆ ಇರುವುದೇ ಗಂಡಾಂತರ. ಅಲ್ಲಿ ಚೆಂಡು ಎದೆಗೂ ಬರಬಹುದು, ಗಂಟಲಿಗೂ ಬರಬಹುದು. ಯಾವ ಜಾಗದಲ್ಲಿ ಚೆಂಡು ಸಿಗುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಕೈಯಲ್ಲ, ಕಾಲು. ಮುಂದೆ ಎರಡು ಹೆಜ್ಜೆ ಹಾಕಿದರೆ ಮೊದಲ ಜಾಗ ಸಿಗುತ್ತದೆ, ಅರೆಹೆಜ್ಜೆ ಪಕ್ಕಕ್ಕೆ ಹೋದರೆ ಎರಡನೆಯದು. ನಿಂತಲ್ಲೇ ನಿಂತವನಿಗೆ ನಡುವಿನದೇ ಗತಿ.

ಅದಕ್ಕೇ ಪ್ರಾಕ್ಟೀಸಿನ ಮುಕ್ಕಾಲು ಪಾಲು ಕಾಲಿನದು. ಚೆಂಡೇ ಇಲ್ಲದೆ ಅರ್ಧ ಗಂಟೆ. ಪಿಚರ್, ಅಂದರೆ ಇಲ್ಲಿನ ಬೌಲರ್, ಎಸೆದ ಚೆಂಡು ಬ್ಯಾಟಿನ ಹತ್ತಿರ ಬರುವಾಗ ಎಲ್ಲರೂ ಒಂದು ಪುಟ್ಟ ಕುಪ್ಪಳಿಕೆ ಹಾಕಿ ಅಂಗಾಲಿನ ಮುಂಭಾಗದ ಮೇಲೆ ಇಳಿಯಬೇಕು. ಹಿಮ್ಮಡಿ ಊರಿ ನಿಂತವನು ಮೊದಲು ಹಿಮ್ಮಡಿ ಎತ್ತಬೇಕು, ಆಮೇಲೆ ಓಡಬೇಕು. ಆಮೇಲೆ ಚೆಂಡಿನ ಕಡೆಗೆ ನೇರವಾಗಿ ಅಲ್ಲ, ಸ್ವಲ್ಪ ಬಲದಿಂದ ಬಳಸಿಕೊಂಡು ಬರುವುದು, ದೇಹ ಆಗಲೇ ಮೊದಲ ಬೇಸಿನ ಕಡೆ ಸಾಗುತ್ತಿರಲಿ ಅಂತ. ಬಲಗಾಲು, ಎಡಗಾಲು, ಹಿಡಿ. ಬಲಗಾಲು, ಎಡಗಾಲು, ಎಸೆ. ಇದನ್ನು ಹುಡುಗರು ಹಾಡಿನ ಹಾಗೆ ಕೂಗುತ್ತಾರೆ. ದೂರದಿಂದ ನೋಡಿದರೆ ಗೆಜ್ಜೆ ಕಟ್ಟುವ ಮುಂಚೆ ಕಾಲಿನ ತಾಳ ಕಲಿಸುವ ಭರತನಾಟ್ಯದ ಕ್ಲಾಸು. ನನ್ನ ಹೆಂಡತಿ ಒಂದು ದಿನ ಬಂದು ನೋಡಿ, ತಟ್ಟಡವು ಒಂದು ಬಾಕಿ ಇದೆ ಅಂದಳು.

ಗ್ಲೌಸಿನಲ್ಲೂ ಒಂದು ಉಪಾಯ ಇದೆ. ಜಾಲರಿಯಿಲ್ಲದ, ಚೆಂಡು ಕೂರುವ ಗುಂಡಿಯಿಲ್ಲದ, ಚಪ್ಪಟೆ ಗ್ಲೌಸು. ಪ್ಯಾನ್‌ಕೇಕ್ ಅನ್ನುತ್ತಾರೆ. ಸೆಟ್ ದೋಸೆ ಅಂದರೂ ನಡೆಯುತ್ತಿತ್ತು. ಅದರಲ್ಲಿ ಚೆಂಡನ್ನು ಹಿಡಿದು ನಿಲ್ಲಿಸಲು ಸಾಧ್ಯವೇ ಇಲ್ಲ. ಚೆಂಡು ತಾಗಿದ ಕ್ಷಣವೇ ಇನ್ನೊಂದು ಕೈ ಮೇಲಿನಿಂದ ಬಂದು ಮುಚ್ಚಬೇಕು, ಎರಡೂ ಕೈ ಸೇರಿ ಚೆಂಡನ್ನು ಹೊಟ್ಟೆಯ ಕಡೆಗೆ ತಂದುಕೊಳ್ಳಬೇಕು. ಚಿಕ್ಕ ಮಕ್ಕಳಿಗೆ ಇದನ್ನು ಮೊಸಳೆ ಬಾಯಿ ಅಂತ ಹೇಳಿಕೊಡುತ್ತಾರೆ. ಬಿಗಿಹಿಡಿದ ಕೈಗೆ ಬಿದ್ದ ಚೆಂಡು ಕಲ್ಲಿಗೆ ಬಿದ್ದ ಹಾಗೆ ಸಿಡಿಯುತ್ತದೆ. ಕೈ ಸಡಿಲವಾಗಿದ್ದು ಚೆಂಡಿನ ಜೊತೆ ಒಂದಿಷ್ಟು ಹಿಂದಕ್ಕೆ ಬಂದರೆ ಅಲ್ಲೇ ನಿಲ್ಲುತ್ತದೆ. ಹೇಳುವುದು ಸುಲಭ. ಇಪ್ಪತ್ತು ವರ್ಷ ಕೀಬೋರ್ಡ್ ಕುಟ್ಟಿದ ಕೈಗೆ ಸಡಿಲವಾಗು ಅಂತ ಹೇಳಿ ನೋಡಿ.

ಒಂದೇ ಹೊಡೆತಕ್ಕೆ ಇಬ್ಬರನ್ನು ಔಟ್ ಮಾಡುವ ಡಬಲ್ ಪ್ಲೇಗೆ ಎರಡನೇ ಬೇಸಿನವನಿಗೆ ಮಣಿಕಟ್ಟು ಆಡಿಸದೆ ಚೆಂಡು ಒಪ್ಪಿಸುವುದು, ನಿಧಾನವಾಗಿ ಉರುಳುವ ಚೆಂಡನ್ನು ಓಡುತ್ತಲೇ ಬರಿಗೈಯಲ್ಲಿ ಬಾಚಿಕೊಳ್ಳುವುದು, ಇವೂ ಇವೆ. ಹುಡುಗರಿಗೆ ಇಷ್ಟವಾಗುವುದು ಅವೇ. ಕೋಚ್ ಅವನ್ನು ಕೊನೆಯ ಹತ್ತು ನಿಮಿಷಕ್ಕೆ ಇಡುತ್ತಾರೆ, ಊಟದ ಕೊನೆಗೆ ಪಾಯಸ ಬಡಿಸುವ ಹಾಗೆ.

ಈ ಮಂಡಿಯೂರಿಸುವ ಕಸುಬಿಗೆ ನಾವಿರುವ ಈ ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಲ್ಲೇ ಒಬ್ಬ ದೊಡ್ಡ ಗುರು ಇದ್ದರು ಅಂತ ನನಗೆ ಗೊತ್ತಾದದ್ದು ಆಮೇಲೆ. ರಾನ್ ವಾಷಿಂಗ್ಟನ್. ಬಹಳ ಕಾಲ ಓಕ್ಲೆಂಡಿನ ಮೇಜರ್ ಲೀಗ್ ತಂಡ ಅಥ್ಲೆಟಿಕ್ಸ್‌ಗೆ ಇನ್‌ಫೀಲ್ಡ್, ಅಂದರೆ ಬೇಸ್‌ಗಳ ಹತ್ತಿರದ ಫೀಲ್ಡಿಂಗ್, ಕಲಿಸಿದವರು. ಆಗಲೇ ಕೋಟ್ಯಧೀಶರಾಗಿದ್ದ ಆಟಗಾರರನ್ನು ಮಂಡಿಯೂರಿಸಿ, ಪುಟಾಣಿ ಗ್ಲೌಸು ಕೊಟ್ಟು, ಹತ್ತಿರದಿಂದ ಚೆಂಡಿನ ಮೇಲೆ ಚೆಂಡು ಕಳಿಸುತ್ತಿದ್ದರು. 2002ರಲ್ಲಿ ಮೊಣಕೈ ಕೆಟ್ಟು ಕ್ಯಾಚರ್ (ಇಲ್ಲಿನ ವಿಕೆಟ್‌ಕೀಪರ್) ಜಾಗ ಬಿಡಬೇಕಾಗಿ ಬಂದ ಸ್ಕಾಟ್ ಹ್ಯಾಟಬರ್ಗ್‌ಗೆ ಮೊದಲ ಬೇಸ್ ಕಲಿಸಿದ್ದು ಅವರೇ. ಮೂರನೇ ಬೇಸಿನ ಎರಿಕ್ ಚಾವೆಜ್ ಒಳ್ಳೆಯ ಫೀಲ್ಡಿಂಗಿಗೆ ತನಗೆ ಬಂದ ಗೋಲ್ಡ್ ಗ್ಲೌ ಪ್ರಶಸ್ತಿಗಳಲ್ಲಿ ಒಂದನ್ನು ಅವರಿಗೇ ಕೊಟ್ಟುಬಿಟ್ಟ. ಮಾರ್ಕಸ್ ಸೆಮಿಯನ್ ಇದೇ ಬೇ ಏರಿಯಾದ ಹುಡುಗ, ಬರ್ಕ್ಲಿಯಲ್ಲಿ ಓದಿದವನು. 2015ರಲ್ಲಿ ಅಥ್ಲೆಟಿಕ್ಸ್ ತಂಡಕ್ಕೆ ಶಾರ್ಟ್‌ಸ್ಟಾಪ್ ಆಡುತ್ತ 35 ತಪ್ಪು ಮಾಡಿದ. ಅದೇ ವರ್ಷ ವಾಷಿಂಗ್ಟನ್ ತಂಡಕ್ಕೆ ವಾಪಸು ಬಂದು ಅವನ ಜೊತೆ ದಿನಾ ಕೂತರು. 2021ರಲ್ಲಿ ಅವನು ಟೊರಾಂಟೊ ತಂಡದಲ್ಲಿ ಎರಡನೇ ಬೇಸಿನಲ್ಲಿ ಗೋಲ್ಡ್ ಗ್ಲೌ ಗೆದ್ದ. ಓಕ್ಲೆಂಡಿನಲ್ಲಿ ಈಗ ಆ ತಂಡವೇ ಇಲ್ಲ. 2024ರ ಸೆಪ್ಟೆಂಬರ್ 26ರಂದು ಅಲ್ಲಿನ ಕೊಲಿಸಿಯಂನಲ್ಲಿ ಕೊನೆಯ ಆಟ ಆಡಿ ಊರು ಬಿಟ್ಟಿತು. ನಮ್ಮ ಕೋಚ್ ಆ ತಂಡದ ಟೋಪಿ ಮಾತ್ರ ಇನ್ನೂ ಬಿಟ್ಟಿಲ್ಲ.

ಡೆರೆಕ್ ಜೀಟರ್ ಕತೆ ಇದಕ್ಕಿಂತ ಮಜವಾಗಿದೆ. 1993ರಲ್ಲಿ, ಹತ್ತೊಂಬತ್ತು ವರ್ಷದವನಾಗಿದ್ದಾಗ, ಗ್ರೀನ್ಸ್‌ಬರೊ ಎಂಬ ಊರಿನ ಕೆಳಹಂತದ ತಂಡದಲ್ಲಿ 126 ಆಟಗಳಲ್ಲಿ 56 ತಪ್ಪು ಮಾಡಿದ. ಈ ಹುಡುಗನನ್ನು ಶಾರ್ಟ್‌ಸ್ಟಾಪ್ ಜಾಗದಿಂದ ತೆಗೆಯಿರಿ ಅನ್ನುವವರು ಇದ್ದರು. ಆ ಸೀಸನ್ ಮುಗಿದ ಮೇಲೆ ಕೈಗೆ ಪೆಟ್ಟಾಗಿದ್ದರಿಂದ ಬ್ಯಾಟು ಹಿಡಿಯುವ ಹಾಗಿರಲಿಲ್ಲ. ಬ್ರಯನ್ ಬಟರ್‌ಫೀಲ್ಡ್ ಎಂಬ ಕೋಚ್ ಜೊತೆ ದಿನಾ ಬರೀ ಗ್ರೌಂಡ್ ಬಾಲ್. 1996ರಲ್ಲಿ ನ್ಯೂಯಾರ್ಕಿನ ಯಾಂಕೀಸ್ ತಂಡದ ಶಾರ್ಟ್‌ಸ್ಟಾಪ್ ಆಗಿ ವರ್ಷದ ಹೊಸ ಆಟಗಾರ ಪ್ರಶಸ್ತಿ ಪಡೆದ. ಅವನಿಗೆ ಐದು ಗೋಲ್ಡ್ ಗ್ಲೌ ಬಂದದ್ದು ನಿಜ, ಅಂಕಿ ಅಂಶದವರು ಅವನ ಫೀಲ್ಡಿಂಗ್ ಬಗ್ಗೆ ಇವತ್ತಿಗೂ ಮೂಗು ಮುರಿಯುವುದೂ ನಿಜ. ಆ ಜಗಳ ನನಗೆ ಬೇಡ. ನನಗೆ ಹಿಡಿಸಿದ್ದು ಬ್ಯಾಟು ಹಿಡಿಯಲಾಗದ ಆ ಕೆಲವು ವಾರ.

ಗಮನಿಸಿದಿರಾ, 35, 56 ಅಂತ ತಪ್ಪುಗಳಿಗೆ ಲೆಕ್ಕ ಇದೆ. ಬೇಸ್‌ಬಾಲ್ ಸ್ಕೋರ್‌ಬೋರ್ಡಿನಲ್ಲಿ ಮೂರು ಕಾಲಂ ಇರುತ್ತವೆ: ರನ್ನು, ಹಿಟ್ಟು (ಹೊಡೆದು ಬೇಸ್ ಸೇರಿದ್ದು), ಎರರ್ (ತಪ್ಪು). ಆಟ ಮುಗಿಯುವವರೆಗೂ ಎಷ್ಟು ತಪ್ಪಾಯಿತು ಅಂತ ಮೈದಾನಕ್ಕೆಲ್ಲ ಕಾಣುವ ಹಾಗೆ ನಿಂತಿರುತ್ತದೆ. ಪ್ರತಿ ಜಾಗಕ್ಕೂ ಒಂದು ನಂಬರ್ ಇದೆ, ಶಾರ್ಟ್‌ಸ್ಟಾಪ್ ಆರು. ಅವನು ತಪ್ಪು ಮಾಡಿದರೆ ಸ್ಕೋರು ಪುಸ್ತಕದಲ್ಲಿ ಇ-6. ನಮ್ಮ ಕ್ರಿಕೆಟ್ಟಿನಲ್ಲಿ ಕವರ್ಸಿನವನ ಕಾಲ ಸಂದಿಯಲ್ಲಿ ಚೆಂಡು ಹೋದರೆ ಬೌಲರ್ ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಾನೆ, ರನ್ನು ಬ್ಯಾಟ್ಸ್‌ಮನ್ನಿನ ಹೆಸರಿಗೆ ಹೋಗುತ್ತದೆ, ಫೀಲ್ಡರ್ ಹೆಸರು ಎಲ್ಲೂ ಬರುವುದಿಲ್ಲ. ರಾಹುಲ್ ದ್ರಾವಿಡ್ ಟೆಸ್ಟಿನಲ್ಲಿ ಹಿಡಿದ ಕ್ಯಾಚು 210 ಅಂತ ನಮ್ಮ ಬೆಂಗಳೂರಿನ ಮಕ್ಕಳೂ ಹೇಳಿಯಾರು. ಬಿಟ್ಟ ಕ್ಯಾಚು ಎಷ್ಟು ಅನ್ನುವುದಕ್ಕೆ ಸ್ಕೋರ್‌ಕಾರ್ಡಿನಲ್ಲಿ ಜಾಗವೇ ಇಲ್ಲ. ನಮ್ಮ ಫೀಲ್ಡರುಗಳೆಲ್ಲ ಒಂದು ರೀತಿಯಲ್ಲಿ ಆಟಕ್ಕುಂಟು ಲೆಕ್ಕಕ್ಕಿಲ್ಲ. ಇಲ್ಲಿ ಹತ್ತು ವರ್ಷದ ಹುಡುಗನೂ ಲೆಕ್ಕಕ್ಕುಂಟು. ಅದು ಗೌರವವೋ ಕ್ರೌರ್ಯವೋ ನನಗೆ ಇನ್ನೂ ಗೊತ್ತಾಗಿಲ್ಲ.

ಕ್ರೌರ್ಯ ಅನ್ನುವುದಕ್ಕೆ ಬಿಲ್ ಬಕ್ನರ್ ಸಾಕ್ಷಿ. 1986ರ ಅಕ್ಟೋಬರ್ 25, ನ್ಯೂಯಾರ್ಕಿನ ಶೇ ಸ್ಟೇಡಿಯಂ, ಮೇಜರ್ ಲೀಗಿನ ಫೈನಲ್ ಆದ ವರ್ಲ್ಡ್ ಸೀರೀಸಿನ ಆರನೇ ಆಟ. ಬಾಸ್ಟನ್ನಿನ ಮೊದಲ ಬೇಸಿನಲ್ಲಿ ಕಾಲುನೋವಿನ ಬಕ್ನರ್. ಮೂಕಿ ವಿಲ್ಸನ್ ಹೊಡೆದ ಸಾಧಾರಣ ಗ್ರೌಂಡ್ ಬಾಲ್ ಅವನ ಗ್ಲೌಸಿನ ಕೆಳಗೆ, ಕಾಲುಗಳ ನಡುವೆ ಹೋಯಿತು. ನ್ಯೂಯಾರ್ಕಿನ ಮೆಟ್ಸ್ ಆ ಆಟ ಗೆದ್ದರು, ಏಳನೆಯದನ್ನೂ ಗೆದ್ದರು. ಆ ಚೆಂಡು ಬರುವ ಮೊದಲೇ ಬಾಸ್ಟನ್ ತನ್ನ ಮುನ್ನಡೆ ಕಳೆದುಕೊಂಡು ಸ್ಕೋರು ಸಮ ಆಗಿತ್ತು ಅನ್ನುವುದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. 2,715 ಹಿಟ್ಟುಗಳ ಆಟಗಾರ ಒಂದು ಚೆಂಡಿನ ಹೆಸರಿನಲ್ಲಿ ಉಳಿದುಬಿಟ್ಟ. 2008ರಲ್ಲಿ ಬಾಸ್ಟನ್ನಿನವರು ಅವನನ್ನು ಕರೆಸಿ ತವರಿನಲ್ಲಿ ಆ ಸೀಸನ್ನಿನ ಮೊದಲ ಆಟಕ್ಕೆ ಗೌರವದ ಮೊದಲ ಚೆಂಡು ಎಸೆಸಿದರು, ಎದ್ದುನಿಂತು ಚಪ್ಪಾಳೆ ತಟ್ಟಿದರು. ಇಪ್ಪತ್ತೆರಡು ವರ್ಷ ತಡವಾಗಿ. ಆ ವಿಡಿಯೋ ಮಗನಿಗೆ ತೋರಿಸಲೋ ಬೇಡವೋ ಅಂತ ಯೋಚಿಸಿ ಬೇಡ ಅಂದುಕೊಂಡೆ. ಅವನು ಆಗಲೇ ನೋಡಿಬಿಟ್ಟಿದ್ದ.

ಏಪ್ರಿಲ್‌ನ ಒಂದು ಶನಿವಾರ ಅವನ ಸರದಿ ಬಂತು. ಕೊನೆಯ ಇನಿಂಗ್ಸ್, ಅವನು ಶಾರ್ಟ್‌ಸ್ಟಾಪ್. ಸುಲಭದ ಚೆಂಡು. ಮುಂದೆ ಬರಬೇಕಿತ್ತು, ನಿಂತ. ಆ ನಡುವಿನ ಪುಟಿತವೇ ಸಿಕ್ಕಿತು. ಎದೆಗೆ ಬಡಿದು ಬಿದ್ದ ಚೆಂಡನ್ನು ಎತ್ತಿ ಅವಸರದಲ್ಲಿ ಮೊದಲ ಬೇಸಿನವನ ತಲೆ ಮೇಲಿಂದ ಎಸೆದ. ಎರಡು ರನ್ನು, ಆಟ ಹೋಯಿತು. ಕೋಚ್ ಏನೂ ಅನ್ನಲಿಲ್ಲ, ಅವನ ಟೋಪಿಯ ಮೇಲೆ ಒಮ್ಮೆ ತಟ್ಟಿ ಬಕೆಟ್ಟಿಗೆ ಚೆಂಡು ತುಂಬಿಸತೊಡಗಿದರು. ಸ್ಕೋರು ಬರೆಯುವ ಆ್ಯಪಿನಲ್ಲಿ ಮಾತ್ರ ಅರ್ಧ ನಿಮಿಷದಲ್ಲಿ ಇ-6 ಮೂಡಿತು. ಮನೆಗೆ ಬರುವವರೆಗೆ ಅವನು ಫೋನಿನಲ್ಲಿ ಅದನ್ನೇ ನೋಡುತ್ತಿದ್ದ.

ಅಮ್ಮ ಆಗ ಆರು ತಿಂಗಳಿಗೆ ಅಂತ ಬಂದು ನಮ್ಮ ಜೊತೆ ಇದ್ದಳು. "ಏನಾಯ್ತೋ ಮಗೂಗೆ?" ಅಂದಳು. ಹೇಳಿದೆ. ಅವಳಿಗೆ ಅರ್ಥವಾದದ್ದು ಚೆಂಡು ಕೈಗೆ ಬಿದ್ದೂ ನಿಲ್ಲಲಿಲ್ಲ ಅನ್ನುವಷ್ಟು. ಸಂಜೆ ನಾವಿಬ್ಬರೂ ಗ್ಯಾರೇಜಿನ ಬಾಗಿಲಿಗೆ ಟೆನಿಸ್ ಚೆಂಡು ಎಸೆದು ಬರಿಗೈಯಲ್ಲಿ ಹಿಡಿಯುವುದನ್ನು ಕುರ್ಚಿ ಹಾಕಿಕೊಂಡು ಸುಮಾರು ಹೊತ್ತು ನೋಡಿದಳು.

"ಕೈ ಕಟ್ಟಿಗೆ ಮಾಡ್ಕೋತಾನೆ ಕಣೋ. ನೀನೂ ಹಂಗೇ."

ಎದ್ದು ಹೋಗಿ ಪಕ್ಕದ ಗಿಡಗಳ ಬುಡಕ್ಕೆ ಹಾಕಿದ್ದ ಬೆಣಚು ಕಲ್ಲುಗಳಲ್ಲಿ ಐದನ್ನು ಆರಿಸಿ ತಂದಳು. ಡ್ರೈವ್‌ವೇ ಮೇಲೆ ಕಾಲು ಮಡಿಸಿ ಕೂತು ಐದನ್ನೂ ಮೇಲೆ ಹಾರಿಸಿ ಹಿಂಗೈಯಲ್ಲಿ ಹಿಡಿದಳು. ಐದಕ್ಕೆ ಐದೂ ನಿಂತವು. ಎಪ್ಪತ್ತೊಂದು ವರ್ಷ. ತಿಪಟೂರಿನಲ್ಲಿ ನಾವು ಬೀದಿಯಲ್ಲಿ ಬಾಡಿಗೆ ಕಟ್ಟುತ್ತಿದ್ದಾಗ ಜಗಲಿಯ ಮೇಲೆ ಅಕ್ಕ ಮತ್ತು ಅವಳ ಗೆಳತಿಯರು ಮಧ್ಯಾಹ್ನವೆಲ್ಲ ಇದನ್ನೇ ಆಡುತ್ತಿದ್ದರು. ಅವರಿಗೆ ಕಲಿಸಿದ್ದು ಅಮ್ಮ. ನಾವು ಅದನ್ನು ಆಟ ಅಂತ ಲೆಕ್ಕಕ್ಕೇ ಇಟ್ಟಿರಲಿಲ್ಲ.

ಮಗ ಹಾರಿಸಿದ. ಒಂದೂ ನಿಲ್ಲಲಿಲ್ಲ, ಎಲ್ಲ ಗೆಣ್ಣಿಗೆ ಬಡಿದು ಸಿಡಿದವು.

"ಕಲ್ಲಿಗೆ ಎದುರು ಹೋಗ್ಬೇಡ ಪುಟ್ಟಾ. ಅದು ಇಳಿಯೋವಾಗ ನಿನ್ ಕೈನೂ ಅದರ ಜೊತೆ ಇಳೀಬೇಕು."

ಕತ್ತಲಾಗುವಷ್ಟರಲ್ಲಿ ಅವನಿಗೆ ಮೂರು ನಿಂತವು. ನನಗೆ ಒಂದು.

ಮುಂದಿನ ಪ್ರಾಕ್ಟೀಸಿಗೆ ಹೋದಾಗ ಅವನ ಚೀಲದ ಪಕ್ಕದ ಜೇಬಿನಿಂದ ಕಲ್ಲುಗಳು ಡಗ್‌ಔಟಿನ ಸಿಮೆಂಟಿನ ಮೇಲೆ ಬಿದ್ದವು. ಕೋಚ್ ಒಂದನ್ನು ಎತ್ತಿಕೊಂಡು ಇದೇನು ಅಂದರು. ಅವನು ಅಲ್ಲೇ ಮಂಡಿಯೂರಿ ಕೂತು ತೋರಿಸಿದ. ಹುಡುಗರೆಲ್ಲ ಸುತ್ತ ನೆರೆದರು. ಕೋಚ್ ಕನ್ನಡಕ ಸರಿಮಾಡಿಕೊಂಡು, ಬೆಂಚು ಹಿಡಿದು ನಿಧಾನವಾಗಿ ಮಂಡಿಯೂರಿ, ತಾವೂ ಐದು ಕಲ್ಲು ಹಾರಿಸಿದರು.

ಎರಡು ನಿಂತವು.